ಮಂತ್ರಿಗಳ ದಿನಚರಿ ಬರೆದ ನಮ್ಮಣ್ಣ

ನಮ್ಮಣ್ಣ ಇಪ್ಪತ್ತಾರು ವರ್ಷ ಇನ್ನೊಬ್ಬರ ದಿನಚರಿ ಬರೆದ. ಆ ಇಪ್ಪತ್ತಾರು ಪುಸ್ತಕಗಳನ್ನೂ ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿ ಕೊಟ್ಟವನು ನಾನು. ಒಳಗೆ ಏನು ಬರೆಯುತ್ತಾರೆ ಎಂದು ತೆರೆದು ನೋಡಿದವನಲ್ಲ. ನಾನು ಶಾಲೆಗೆ ಹೋದದ್ದೇ ಐದು ವರ್ಷ, ಅದರಲ್ಲೂ ಒಂದು ತರಗತಿಯಲ್ಲಿ ಎರಡು ಸಲ ಕೂತೆ. ಆದರೂ ಅವನ ಬಗ್ಗೆ ಈ ನಾಲ್ಕು ಹಾಳೆ ನಾನೇ ಬರೆಯಬೇಕಾಗಿದೆ. ಬರೆಯುವವರು ಬೇರೆ ಯಾರೂ ಇಲ್ಲ. ಅವನಂತೂ ಬರೆದುಕೊಳ್ಳಲಿಲ್ಲ.

ಮಂತ್ರಿಗಳು ಎಂದರೆ ಎರಡು ಸಲ ಮಂತ್ರಿಯಾಗಿ, ಮೂರನೆಯ ಸಲ ಸೋತು, ರಾಜಕೀಯದ ಸಹವಾಸವೇ ಬೇಡ ಎಂದು ಮನೆಯಲ್ಲಿ ಕೂತವರು. ಅವರೆದುರು ಯಾರೂ ‘ಮಾಜಿ’ ಎನ್ನುತ್ತಿರಲಿಲ್ಲ, ಬೆನ್ನ ಹಿಂದೆ ಅದನ್ನು ಬಿಟ್ಟು ಬೇರೆ ಏನೂ ಎನ್ನುತ್ತಿರಲಿಲ್ಲ. ಸೋತ ವಾರದಲ್ಲೇ ಬಾಗಿಲ ಪೊಲೀಸ್ ಹೋದ, ಕಾರು ಹೋಯಿತು, ಡ್ರೈವರ್ ಹೋದ. ಹಿತ್ತಲಲ್ಲಿ ಡ್ರೈವರ್ ಇದ್ದ ಕೋಣೆ ಖಾಲಿ ಬಿತ್ತು. ಅದೇ ತಿಂಗಳು ನಮ್ಮಣ್ಣ ಅಲ್ಲಿಗೆ ಸೇರಿಕೊಂಡ.

ಆಗ ಅವನಿಗೆ ಮೂವತ್ತನಾಲ್ಕು. ಅತ್ತಿಗೆ ತೀರಿಹೋಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಬ್ಬ ವಕೀಲರ ಕಚೇರಿಯಲ್ಲಿ ಕಾಗದಪತ್ರಗಳ ಪ್ರತಿ ಬರೆಯುತ್ತಿದ್ದ. ಅವನ ಅಕ್ಷರ ನೋಡಿದವರು, ಇದನ್ನು ಯಾವ ಪ್ರೆಸ್ಸಿನಲ್ಲಿ ಮಾಡಿಸಿದ್ದು ಎಂದು ಕೇಳುತ್ತಿದ್ದರು. ಮಂತ್ರಿಗಳಿಗೆ ಆ ಅಕ್ಷರ ಬೇಕಾಗಿತ್ತು. ಅಣ್ಣನಿಗೆ ಬಾಗಿಲು ಹಾಕಿಕೊಂಡು ಸುಮ್ಮನಿರಲು ಒಂದು ಕೋಣೆ ಬೇಕಾಗಿತ್ತು. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಒಂದು ಮಂಚ, ಒಂದು ಸ್ಟವ್, ಬಟ್ಟೆ ಒಗೆಯುವ ಕಲ್ಲು ಕಾಣುವ ಒಂದು ಕಿಟಕಿ. ನಾನು ಎಷ್ಟೋ ಸಲ ನಮ್ಮ ಮನೆಗೇ ಬಂದುಬಿಡು ಎಂದು ಕರೆದೆ. ಬೈಂಡಿಂಗ್ ಅಂಗಡಿಯ ಮೇಲೆ ನಮ್ಮದು ಎರಡು ಕೋಣೆಯ ಮನೆ. ಅವನು ನಗುತ್ತಿದ್ದ.

“ಕೆಳಗೆ ನಿನ್ನ ಕತ್ತರಿಸೋ ಮೆಷಿನ್ನು, ಮೇಲೆ ನಿನ್ನ ಬಾಯಿ. ಎರಡರ ಮಧ್ಯೆ ನನ್ನ ಕೈಲಿ ಆಗಲ್ಲ ಕಣೋ.”

ನನಗೆ ಕೋಪ ಬರುತ್ತಿತ್ತು. ನನಗೆ ಯಾವುದಕ್ಕೆ ಬರುವುದಿಲ್ಲ?

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅಣ್ಣ ಮನೆಯ ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಬೇಕು. ಆ ಹೊತ್ತಿನಲ್ಲಿ ಬೇರೆ ಯಾರಿಗೂ ಒಳಗೆ ಪ್ರವೇಶವಿಲ್ಲ, ಟೀ ಕೂಡ ಬಾಗಿಲ ಹೊರಗಿನ ಸ್ಟೂಲಿನ ಮೇಲೆ. ಮಂತ್ರಿಗಳು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಹಿಂದಿನ ದಿನದ್ದನ್ನು ಹೇಳುತ್ತ ಹೋಗುವರು. ಎಷ್ಟು ಹೊತ್ತಿಗೆ ಎದ್ದದ್ದು, ಮೋಡವೋ ಬಿಸಿಲೋ, ಯಾರು ಬಂದರು, ಯಾವ ಕಾಗದ ಬಂತು, ಯಾವುದು ಹೋಯಿತು, ಮಂಡಿ ಎಷ್ಟು ನೋಯಿತು. ಅಣ್ಣ ಬಂದ ಪತ್ರಗಳ ಲಕೋಟೆಗಳನ್ನೇ ಬಿಡಿಸಿ, ಅದರ ಒಳಮೈಯಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುವನು. ಆಮೇಲೆ ಮಸಿಯಲ್ಲಿ ಪುಸ್ತಕಕ್ಕೆ ಇಳಿಸಿ, ಗಟ್ಟಿಯಾಗಿ ಓದಿ ಹೇಳಬೇಕು. ಸರಿ ಎಂದ ಮೇಲೆ ಪುಟದಲ್ಲಿ ಉಳಿದ ಖಾಲಿ ಜಾಗಕ್ಕೆ ಅಡ್ಡಡ್ಡ ಒಂದು ಗೆರೆ, ಮುಂದೆ ಯಾರೂ ಏನೂ ತುರುಕಬಾರದು ಎಂದು. ಲಕೋಟೆಗಳು ಬಚ್ಚಲ ಒಲೆಗೆ. ದಿನಕ್ಕೊಂದು ಪುಟ, ವರ್ಷಕ್ಕೊಂದು ಪುಸ್ತಕ.

ಅದು ಮುಗಿದರೆ ಪತ್ರಗಳು. ಈಗಿನ ಮಂತ್ರಿಗಳಿಗೆ, ಕಾರ್ಯದರ್ಶಿಗಳಿಗೆ, ಪತ್ರಿಕೆಗಳಿಗೆ, ಹಳೆಯ ಸ್ನೇಹಿತರಿಗೆ. ಸೇತುವೆ ಕೆಲಸ ಯಾಕೆ ನಿಂತಿತು, ಕಾಲುವೆ ಎಲ್ಲಿ ಒಡೆಯಿತು, ನನ್ನ ಕಾಲದಲ್ಲಿ ಹೀಗಿರಲಿಲ್ಲ. ದಿನಕ್ಕೆ ಮೂರಕ್ಕೆ ಕಡಿಮೆಯಿಲ್ಲ. ಮೊದಲ ವರ್ಷಗಳಲ್ಲಿ ಉತ್ತರ ಬರುತ್ತಿತ್ತು. ಬರಬರುತ್ತ ಸೀಲು ಹೊಡೆದ ಒಂದು ಸಾಲು, ಆಮೇಲೆ ಅದೂ ಇಲ್ಲ. ಪೋಸ್ಟ್‌ಮ್ಯಾನ್ ನಮ್ಮ ಅಂಗಡಿಗೂ ಬರುತ್ತಿದ್ದ. “ನಿಮ್ಮಣ್ಣನ ಮನೆ ಕಥೆ ಏನಪ್ಪಾ, ಹೋಗೋ ಚೀಲ ಬಸುರಿ, ಬರೋ ಚೀಲ ಬಂಜೆ” ಎನ್ನುತ್ತಿದ್ದ. ಒಂದು ದಿನ ನಾನು ಅಂಟಿನ ಬ್ರಷ್ ಎತ್ತಿದ ಮೇಲೆ ಆ ಮಾತು ಬಿಟ್ಟ.

ಎರಡನೆಯ ವರ್ಷವೋ ಮೂರನೆಯದೋ, ಮಂತ್ರಿಗಳ ಮನೆಗೆ ಹಳೆಯ ಪಕ್ಷದವರು ನಾಲ್ಕು ಜನ ಬಂದಿದ್ದರಂತೆ. ಒಬ್ಬ ಮೇಜಿನ ಮೇಲಿದ್ದ ದಿನಚರಿ ಎತ್ತಿಕೊಂಡು ನಾಟಕದ ದನಿಯಲ್ಲಿ ಓದಿದನಂತೆ: “ಗುಮಾಸ್ತನಿಗೆ ನೆಗಡಿ. ಶುಂಠಿ ಕಷಾಯ ಕುಡಿಯಲು ಹೇಳಿದೆ.” ಓದಿ, “ಏನ್ ಸಾರ್, ದೇಶದ ಚರಿತ್ರೆಯಲ್ಲಿ ಇವನ ಮೂಗು ಬೇರೆ ಸೋರಬೇಕಾ?” ಎಂದನಂತೆ. ಎಲ್ಲರೂ ನಕ್ಕರು. ಮಂತ್ರಿಗಳೂ ನಕ್ಕರು. ಅಣ್ಣ ಬಾಗಿಲ ಹತ್ತಿರ ಟೀ ತಟ್ಟೆ ಹಿಡಿದು ನಿಂತಿದ್ದ. ಅವನೂ ನಕ್ಕನಂತೆ. ನನಗೆ ಇದನ್ನು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ಹೇಳುವಾಗಲೂ ನಕ್ಕ. ಆ ನಗು ಎಲ್ಲಿಗೆ ಹೋಗಿ ಮುಟ್ಟಿತ್ತು ಎಂದು ಮಾತ್ರ ಹೇಳಲಿಲ್ಲ.

ಕೊನೆಯ ಒಂಬತ್ತು ವರ್ಷ ಮಂತ್ರಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಕು ನೆರಳು ತಿಳಿಯುತ್ತಿತ್ತು, ಅಷ್ಟೆ. ಹೆಂಡತಿ ತೀರಿಹೋಗಿದ್ದರು. ಮಗಳು ಗಂಡನ ವರ್ಗಾವಣೆಯ ಹಿಂದೆ ಊರೂರು ತಿರುಗುತ್ತಿದ್ದಳು. ಮಗ ಬೇರೆ ಊರಿನಲ್ಲಿ ವಕೀಲ. ಮನೆಯಲ್ಲಿ ಅಡುಗೆಯವಳು ಬಂದು ಹೋಗುವಳು. ಉಳಿದಂತೆ ಎಬ್ಬಿಸುವುದು, ನಡೆಸುವುದು, ಮಾತ್ರೆ ನುಂಗಿಸುವುದು, ಉಗುರು ಕತ್ತರಿಸುವುದು ಎಲ್ಲ ಅಣ್ಣನೇ. ಆದರೂ ಏಳಕ್ಕೆ ಬಾಗಿಲು ಹಾಕುವುದು ತಪ್ಪಲಿಲ್ಲ.

ಮಂತ್ರಿಗಳು ತೀರಿಕೊಳ್ಳುವುದಕ್ಕೆ ಒಂದೂವರೆ ವರ್ಷ ಮುಂಚೆ, ಒಂದು ಸಂಜೆ ಅಣ್ಣ ಅಂಗಡಿಗೆ ಬಂದ. ಕಾಗದದ ಕಟ್ಟಿನ ಮೇಲೆ ಕೂತ.

“ಏನಣ್ಣ, ಮುಖ ಅಗಲ ಆಗಿದೆ?”

“ಯಜಮಾನ್ರು ಇವತ್ತು ಒಂದು ಮಾತು ಹೇಳಿದ್ರು ಕಣೋ. ಆ ಕೋಣೆ ನಾನಿರೋವರೆಗೂ ನಂದೇ ಅಂತೆ. ಅವರು ಹೋದ ಮೇಲೂ. ಮಕ್ಕಳು ಎಬ್ಬಿಸಬಾರದು ಅಂತೆ.”

“ಬಾಯಲ್ಲಿ ಅಂದ್ರಾ, ಬರೆಸಿದ್ರಾ?”

“ದಿನಚರೀಲೇ ಬರಿ ಅಂದ್ರು.”

“ಬರೆದ್ಯಾ?”

“ಆ ಅಂಟಿನ ಡಬ್ಬಿ ಮುಚ್ಚೋ, ಒಣಗಿ ಹೋಗುತ್ತೆ.”

ನಾನು ಮುಚ್ಚಿದೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಎಂಬುದು ನನ್ನ ಮಂಡೆಗೆ ಹೊಳೆಯಲಿಲ್ಲ.

ಮಂತ್ರಿಗಳು ಒಂದು ಮಧ್ಯಾಹ್ನ ಕುರ್ಚಿಯಲ್ಲೇ ತೀರಿಕೊಂಡರು. ಪತ್ರಿಕೆಯ ಒಳಪುಟದಲ್ಲಿ ಬೆರಳುದ್ದ ಸುದ್ದಿ. ಹದಿನೈದು ದಿನ ಕಳೆದ ಮೇಲೆ ಮಗಳು ಅಣ್ಣನನ್ನು ಕರೆದು, ಮನೆ ಮಾರುವ ಮಾತಿದೆ, ಕೋಣೆ ಬಿಟ್ಟುಕೊಡಬೇಕಾಗುತ್ತದೆ ಎಂದು ಹೇಳಿದಳು. ಅಣ್ಣ ಆಗಲಿ ಎಂದು ತಲೆಯಾಡಿಸಿ ಬಂದ. ಬಂದು ನನಗೆ ಹೇಳಿದ್ದು ಮೂರು ದಿನ ಬಿಟ್ಟು, ಅದೂ ರಟ್ಟಿನ ಪೆಟ್ಟಿಗೆ ಇದ್ದರೆ ಎರಡು ಕೊಡು ಎಂದು ಕೇಳುವಾಗ.

ನನಗೆ ನೆತ್ತಿಗೆ ಏರಿತು. ಕೈಗೆ ಮೆತ್ತಿದ ಅಂಟು ಕೂಡ ತೊಳೆಯದೆ ಅವನನ್ನು ಎಳೆದುಕೊಂಡು ಹೋದೆ.

ಮಗಳು ಮುಂದಿನ ಕೋಣೆಯಲ್ಲಿ ದಿನಚರಿಗಳ ಮಧ್ಯೆ ಕೂತಿದ್ದಳು. ನೆಲದ ಮೇಲೆ ಏಳೆಂಟು ಪುಸ್ತಕ ತೆರೆದು ಹರಡಿದ್ದವು. ಸಾರ್ವಜನಿಕ ಗ್ರಂಥಾಲಯದವರು ಅವನ್ನೆಲ್ಲ ತೆಗೆದುಕೊಳ್ಳುತ್ತೇವೆ ಎಂದಿದ್ದರಂತೆ. ಹತ್ತು ದಿನದಿಂದ ಅವಳು ಅದನ್ನೇ ಓದುತ್ತಿದ್ದಳು, ಕಣ್ಣು ಕೆಂಪಗಿದ್ದವು. ಚಿಕ್ಕವಳಿದ್ದಾಗ ಅಣ್ಣನನ್ನು ಮಸಿಮಾಮ ಎಂದು ಕರೆಯುತ್ತಿದ್ದ ಹುಡುಗಿ.

“ಆ ಕೋಣೆ ನಮ್ಮಣ್ಣಂದು” ಎಂದೆ. “ನಿಮ್ಮಪ್ಪಾಜಿ ಬಾಯಿಬಿಟ್ಟು ಹೇಳಿದ್ದಾರೆ.”

ಅವಳು ಸಿಟ್ಟಾಗಲಿಲ್ಲ. “ಹೇಳಿದ್ರೆ ನಾನು ಯಾಕೆ ಬೇಡ ಅನ್ನಲಿ? ಆದ್ರೆ ಮನೆ ನನ್ನೊಬ್ಬಳದಲ್ಲ, ತಮ್ಮಂದೂ ಹೌದು. ಅವನು ವಕೀಲ, ಬಾಯಿಮಾತು ಅಂದ್ರೆ ಅವನಿಗೆ ಗಾಳಿ. ಬರಹದಲ್ಲಿ ಏನಾದ್ರೂ ಇದ್ರೆ ಕೊಡಿ, ಮಾರುವಾಗ ಆ ಕೋಣೆ ಬಿಟ್ಟು ಮಾರೋಣ ಅಂತ ನಾನೇ ಅವನ ಹತ್ರ ಜಗಳ ಆಡ್ತೀನಿ.”

“ದಿನಚರೀಲಿ ಇದೆ! ತೆಗೀರಿ. ಅಣ್ಣ, ತಾರೀಖು ಹೇಳು.”

ಅಣ್ಣ ನನ್ನ ಅಂಗಿಯ ತೋಳು ಹಿಡಿದು ಎಳೆದ. “ಬೇಡ ಕಣೋ. ಬಾ ಹೋಗೋಣ. ನಾನು ಖಾಲಿ ಮಾಡ್ತೀನಮ್ಮಾ.”

“ತಾರೀಖು ಹೇಳಯ್ಯ!”

“ಹೋದ ವರ್ಷದ ಹಿಂದಿನ ವರ್ಷ. ಅಕ್ಟೋಬರ್ ಹದಿನೇಳು” ಎಂದ, ನೆಲ ನೋಡುತ್ತ.

ಮಗಳು ಪುಸ್ತಕ ಹುಡುಕಿ, ಪುಟ ತಿರುವಿ, ಗಟ್ಟಿಯಾಗಿ ಓದಿದಳು. “ಐದೂವರೆಗೆ ಎಚ್ಚರ. ಮೋಡ. ಎಡ ಮಂಡಿ ನೋವು. ನೀರಾವರಿ ಕಾರ್ಯದರ್ಶಿಗೆ ಪತ್ರ. ಹಳೆಯ ಮಿತ್ರನಿಗೆ ಪತ್ರ, ಉತ್ತರ ಬರೆಯದಿದ್ದರೂ ಆರೋಗ್ಯ ತಿಳಿಸೆಂದು. ಮಧ್ಯಾಹ್ನ ಎರಡು ಗಂಟೆ ನಿದ್ದೆ.” ಅಷ್ಟೆ. ಕೆಳಗೆ ನಾಲ್ಕು ಸಾಲಿನಷ್ಟು ಬಿಳಿ ಜಾಗ. ಎಲ್ಲ ಪುಟಗಳಲ್ಲೂ ಇರುವ ಅಡ್ಡ ಗೆರೆ ಅಲ್ಲಿ ಇರಲಿಲ್ಲ.

“ಗುಮಾಸ್ತರೇ, ಇದರಲ್ಲಿ ಇಲ್ವಲ್ಲ?”

ಅಣ್ಣ ಆಗ ಹೇಳಿದ. ನಿಂತುಕೊಂಡೇ, ಕೈಕಟ್ಟಿ, ಪಾಠ ಒಪ್ಪಿಸುವವನಂತೆ ಹೇಳಿದ. ಯಜಮಾನರು ಹೇಳಿದ್ದು ನಿಜ. ಲಕೋಟೆಯ ಮೇಲೆ ಗೀಚಿಕೊಂಡದ್ದೂ ನಿಜ. ಪುಸ್ತಕಕ್ಕೆ ಇಳಿಸುವಾಗ ಕೈ ಬರಲಿಲ್ಲ. ಅದೊಂದೇ ಅಲ್ಲ, ಆ ನೆಗಡಿಯ ಸಾಲಿಗೆ ಎಲ್ಲರೂ ನಕ್ಕ ದಿನದಿಂದ ತನ್ನ ಬಗ್ಗೆ ಅವರು ಹೇಳಿದ್ದು ಯಾವುದನ್ನೂ ಬರೆದಿಲ್ಲ. ಅವರ ಕಣ್ಣು ಚೆನ್ನಾಗಿದ್ದಾಗಲೂ ಅವರು ಹಿಂದಿನ ಪುಟ ನೋಡುತ್ತಿರಲಿಲ್ಲ, ಕಿವಿಯನ್ನೇ ನಂಬುತ್ತಿದ್ದರು. “ಓದಿ ಹೇಳುವಾಗ ಓದ್ತಿದ್ದೆ. ಪುಟದಲ್ಲಿ ಇರ್ತಿರಲಿಲ್ಲ.”

“ಆ ಗೆರೆ ಯಾಕೆ ಎಳೆದಿಲ್ಲ?”

“ಆವತ್ತು ಬರೆಯೋಕೂ ಆಗಲಿಲ್ಲಮ್ಮಾ, ಮುಚ್ಚೋಕೂ ಮನಸ್ಸಾಗಲಿಲ್ಲ.”

ಮಗಳು ಬೇರೆ ಪುಸ್ತಕ ಎಳೆದುಕೊಂಡು ಸರಸರ ತಿರುವಿದಳು. “ಅಪ್ಪ ಬಿದ್ದು ಕಾಲು ಮುರ್ಕೊಂಡ ದಿನ... ಇಲ್ಲಿದೆ. ‘ಸ್ನಾನದ ಮನೆಯಲ್ಲಿ ಬಿದ್ದೆ. ಆಸ್ಪತ್ರೆಗೆ ಹೋದೆ.’ ಮುರಿದ ಕಾಲಲ್ಲಿ ಅಪ್ಪ ತಾವೇ ನಡ್ಕೊಂಡು ಹೋದ್ರಾ? ಯಾರು ಎತ್ತಿದ್ದು?”

ನಾನೇ ಅಣ್ಣನನ್ನು ತೋರಿಸಿ ಹೇಳಿದೆ, ಇವನೇ ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದದ್ದು, ಆಮೇಲೆ ಒಂದು ತಿಂಗಳು ಇವನ ಸೊಂಟಕ್ಕೆ ನನ್ನ ಹೆಂಡತಿ ಬಿಸಿ ಶಾಖ ಕೊಟ್ಟದ್ದು ಎಂದು.

“ಕಣ್ಣಿಲ್ಲದ ಮನುಷ್ಯನ ಕಣ್ಣಿಗೂ ಮಣ್ಣೆರಚಿದ್ರಲ್ಲ ಮಸಿಮಾಮ” ಎಂದಳು. ಬೈಗುಳದಂತೆ ಇರಲಿಲ್ಲ, ಅದಕ್ಕೇ ಹೆಚ್ಚು ತಾಗಿತು. ಪುಸ್ತಕದ ಅಂಚು ಸವರುತ್ತ, ಬೇರೆಯೇ ದನಿಯಲ್ಲಿ ಕೇಳಿದಳು. “ನಿಮ್ಮದು ಬಿಟ್ರಿ. ಸರಿ. ಬೇರೆಯವರದ್ದು? ನನ್ನ ಬಗ್ಗೆ ಅಪ್ಪ ಹೇಳಿದ್ದೂ ಹೀಗೇ ಎಲ್ಲೆಲ್ಲಿ ಬಿಟ್ಟಿದ್ದೀರೋ?”

“ಇಲ್ಲಮ್ಮಾ. ನಿಮ್ಮ ಬಗ್ಗೆ ಅವರು ಹೇಳಿದ್ದು ಒಂದಕ್ಷರ ಬಿಟ್ಟಿಲ್ಲ. ಎಲ್ಲಾ ಇದೆ.”

ಅವಳು ಸುತ್ತಲೂ ಹರಡಿದ್ದ ಪುಸ್ತಕಗಳನ್ನು ನೋಡಿದಳು.

“ಇಷ್ಟೇನಾ?” ಎಂದಳು.

ಆಮೇಲೆ ಕೋಣೆಯ ಮಾತು ಮುಂದುವರಿಯಲಿಲ್ಲ. ಎರಡು ತಿಂಗಳು ಸಮಯ ತಗೊಳ್ಳಿ ಎಂದು ಹೇಳಿ ಎದ್ದು ಒಳಗೆ ಹೋದಳು.

ಹಿತ್ತಲಿಗೆ ಬಂದ ಮೇಲೆ ಅಣ್ಣನಿಗೆ ಬಾಯಿಗೆ ಬಂದದ್ದು ಬೈದೆ. “ಒಂದೆರಡು ಬಿಟ್ಟಿದ್ದೀನಮ್ಮಾ, ನಿಮ್ಮನ್ನ ನೆನೆಸ್ಕೊಂಡು ಅಳ್ತಿದ್ರು, ಬರೀಬೇಡ ಅಂದ್ರು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಆ ಹೆಣ್ಣುಮಗಳಿಗೂ ಸಮಾಧಾನ, ನಿನಗೂ ಒಂದು ಸೂರು.”

“ಅವರು ಅಳ್ತಿರಲಿಲ್ಲ ಕಣೋ.”

“ಹೋಗಲಿ. ಆ ಪುಸ್ತಕ ಇನ್ನೂ ಅಲ್ಲೇ ಇದೆ. ನಾಲ್ಕು ಸಾಲು ಜಾಗ ಇದೆ, ಗೆರೆ ಎಳೆದಿಲ್ಲ. ಪೆನ್ನು ನಿಂದೇ, ಮಸಿ ನಿಂದೇ, ಅಕ್ಷರ ನಿಂದೇ. ಅವರು ಹೇಳಿದ್ದೂ ನಿಜ. ಸುಳ್ಳೇನು ಬರೀತಿಲ್ವಲ್ಲ! ಅಡುಗೆಯವಳ ಹತ್ರ ನಾನು ಮಾತಾಡ್ತೀನಿ, ಹತ್ತು ನಿಮಿಷದ ಕೆಲಸ. ಬರೆದು ಆಯಮ್ಮನ ತಮ್ಮನಿಗೆ ತೋರಿಸಿ ಅನ್ನೋಣ, ಆ ವಕೀಲ ಪುಟ ನೋಡಿಲ್ವಲ್ಲ.”

ಅಣ್ಣ ಮಂಚದ ಮೇಲೆ ಕೂತ. ಯೋಚಿಸುತ್ತಿದ್ದಾನೆ ಎಂದುಕೊಂಡೆ. ಯೋಚಿಸುತ್ತಲೇ ಇದ್ದ, ಅದು ಸುಳ್ಳಲ್ಲ. ಬಲಗೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡುತ್ತಿದ್ದ. ಹೆಬ್ಬೆರಳಿನ ಪಕ್ಕ ಮಸಿ ಕೂತು ಕೂತು ಚರ್ಮವೇ ನೀಲಿಯಾಗಿತ್ತು.

“ಅವರು ಇದ್ದಾಗ ಬರೆದಿದ್ರೆ ಅದು ಅವರ ಮಾತು. ಈಗ ಬರೆದ್ರೆ ನನ್ನದು” ಎಂದ. “ಮೊದಲೇ ಅವರಿಗೆ ಇರೋದನ್ನ ಇಲ್ಲ ಮಾಡಿ ಮೋಸ ಮಾಡಿದ್ದೀನಿ. ಇನ್ನು ಇಲ್ಲದ್ದನ್ನ ಇದೆ ಮಾಡಿ ಅದನ್ನೂ ಮಾಡಲಾ?”

“ಹಾಗಾದ್ರೆ ಬೀದೀಲಿ ಕೂರು!”

ಕಾಲಿಗೆ ಸಿಕ್ಕ ಬಕೆಟ್ ಒದ್ದೆ. ಅದು ಒಗೆಯುವ ಕಲ್ಲಿಗೆ ಬಡಿದು ಬಿರಿಯಿತು. ಅಣ್ಣ ಎದ್ದು ಹೋಗಿ ಅದನ್ನು ಎತ್ತಿ, ಬಿರುಕಿಗೆ ಬೆರಳಾಡಿಸಿ, ಬೋರಲು ಹಾಕಿ ಬಂದ. ಮಾರನೆಯ ದಿನ ಹೊಸ ಬಕೆಟ್ ತಂದಿಟ್ಟನಂತೆ, ಮನೆಯವರ ಸಾಮಾನು ಎಂದು.

ನಾನು ಸುಮ್ಮನಿರಲಿಲ್ಲ. ಮಂತ್ರಿಗಳು ಪತ್ರ ಬರೆಯುತ್ತಿದ್ದವರ ವಿಳಾಸಗಳು ಅಣ್ಣನಿಗೆ ಬಾಯಿಪಾಠ. ಯಾವುದೋ ನೆಪ ಹೇಳಿ ಏಳು ಜನರ ವಿಳಾಸ ಕೇಳಿ ಬರೆದುಕೊಂಡು, ನನ್ನ ಕೋಳಿಕಾಲಿನ ಅಕ್ಷರದಲ್ಲಿ ಏಳು ಕಾಗದ ಬರೆದೆ. ನಿಮಗೆ ಬಂದ ಯಾವುದಾದರೂ ಪತ್ರದಲ್ಲಿ ಗುಮಾಸ್ತನ ಕೋಣೆಯ ಸಂಗತಿ ಇದ್ದರೆ ದಯವಿಟ್ಟು ಕಳಿಸಿ ಎಂದು. ಆ ಪತ್ರಗಳನ್ನೂ ಬರೆದದ್ದು ಅಣ್ಣನ ಕೈಯೇ, ಅವುಗಳಲ್ಲಿ ಎಲ್ಲಿಂದ ಬರಬೇಕು? ಅದು ನನಗೆ ಹೊಳೆಯಿತು, ಏಳನೆಯದನ್ನು ಡಬ್ಬಿಗೆ ಹಾಕಿದ ಮೇಲೆ. ಎರಡು ಉತ್ತರ ಬಂದವು. ಒಬ್ಬರು ಸಂತಾಪ ಸೂಚಿಸಿದ್ದರು. ಇನ್ನೊಬ್ಬರು ಅದೇ ಹಳೆಯ ಮಿತ್ರರು, ನಡುಗುವ ಕೈಯಲ್ಲಿ ಬರೆದಿದ್ದರು: ‘ಸುಳ್ಳು ಹೇಳಲಾರೆ. ನಾಲ್ಕೈದು ವರ್ಷದಿಂದ ಅವನ ಕಾಗದಗಳನ್ನು ನಾನು ಒಡೆದೇ ನೋಡಿಲ್ಲ. ಎಲ್ಲದರಲ್ಲೂ ಅದೇ ಸೇತುವೆ, ಅದೇ ಕಾಲುವೆ. ಹೋದ ಸಲ ಮನೆ ಬದಲಿಸುವಾಗ ಕಟ್ಟು ಕಟ್ಟಿ ರದ್ದಿಗೆ ಹಾಕಿದೆವು.’ ಅದನ್ನು ನಾನು ಅಣ್ಣನಿಗೆ ತೋರಿಸಲಿಲ್ಲ. ಹರಿದು ಒಲೆಗೆ ಹಾಕಿದೆ.

ಎರಡು ತಿಂಗಳು ತುಂಬಿದ ದಿನವೇ ಗ್ರಂಥಾಲಯದ ವ್ಯಾನೂ ಬಂತು. ನಾನು ಕೈಗಾಡಿ ತಂದಿದ್ದೆ. ಅಣ್ಣನ ಸಾಮಾನು ಅದರಲ್ಲಿ ಅರ್ಧವೂ ತುಂಬಲಿಲ್ಲ. ಅವನು ಕೋಣೆ ಗುಡಿಸಿ, ಕಿಟಕಿ ಹಾಕಿ, ಬೀಗದ ಕೈಯನ್ನು ಮಗಳ ಕೈಗೆ ಕೊಟ್ಟ. ಅವಳು ಏನೋ ಹೇಳಲು ಹೋಗಿ, “ಮಾತ್ರೆ ಸರಿಯಾಗಿ ತಗೊಳ್ಳಿ” ಎಂದಳು. ಅಪ್ಪನಿಗೆ ಫೋನಿನಲ್ಲಿ ಹೇಳಿ ರೂಢಿಯಾದ ಮಾತು ಇರಬೇಕು. ಅಣ್ಣ ಯಾವ ಮಾತ್ರೆಯನ್ನೂ ತಗೊಳ್ಳುತ್ತಿರಲಿಲ್ಲ. ಆಗಲಮ್ಮಾ ಎಂದ.

ವ್ಯಾನಿಗೆ ಪುಸ್ತಕ ತುಂಬುತ್ತಿದ್ದ ಅಧಿಕಾರಿ ಕನ್ನಡಕದ ಯುವಕ. ಅಣ್ಣ ಅವನ ಹತ್ತಿರ ಹೋದ. ನಾನು ಬೇಡ ಎಂದು ಕಣ್ಣು ಮಾಡಿದರೂ ಕೇಳಲಿಲ್ಲ.

“ಸಾರ್, ಒಂದು ವಿಷಯ ನಿಮಗೆ ಹೇಳಬೇಕು. ಈ ದಿನಚರಿ ಪೂರ್ತಿ ಅಲ್ಲ. ಯಜಮಾನ್ರು ಹೇಳಿದ್ರಲ್ಲಿ ನನ್ನ ವಿಚಾರ ಇದ್ದದ್ದೆಲ್ಲಾ ನಾನು ಬಿಟ್ಟಿದ್ದೀನಿ. ಅದನ್ನ ಎಲ್ಲಾದ್ರೂ ಗುರುತು ಮಾಡ್ಕೊಳ್ಳಿ.”

“ನೀವು ಯಾರು?”

“ಬರೆದವನು.”

ಅಧಿಕಾರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ನಕ್ಕ. “ಅಯ್ಯೋ ಅದರಿಂದ ಏನೂ ತೊಂದರೆ ಇಲ್ಲ ಬಿಡಿ. ಜನ ಬರೋದು ಸರ್ಕಾರ ಬಿದ್ದದ್ದು, ಎದ್ದದ್ದು ಹುಡುಕೋಕೆ. ನಿಮ್ಮನ್ನ ಯಾರೂ ಹುಡುಕಲ್ಲ.” ಎಂದವನು ಏನೋ ನೆನಪಾಗಿ ಜೇಬಿನಿಂದ ಪೆನ್ನು ತೆಗೆದ. “ಆದ್ರೆ ಒಂದು ಕೆಲಸ ಮಾಡಿ, ನಿಮ್ಮ ವಿಳಾಸ ಕೊಡಿ. ಯಾವುದಾದ್ರೂ ಪದ ಓದೋಕೆ ಆಗದೆ ಹೋದ್ರೆ ಬಂದು ಕೇಳ್ತೀವಿ.”

ಅಣ್ಣ ನನ್ನ ಅಂಗಡಿಯ ವಿಳಾಸ ಹೇಳಿದ. ಅಧಿಕಾರಿ ಬರೆದುಕೊಳ್ಳುವುದನ್ನು ಬಗ್ಗಿ ನೋಡಿ, “ಅಡ್ಡರಸ್ತೆ ಆರನೇದು ಸಾರ್, ಒಂಬತ್ತಲ್ಲ” ಎಂದು ತಿದ್ದಿಸಿದ.

ಅದಾದ ಮೇಲೆ ತೀರಿಕೊಳ್ಳುವವರೆಗೆ ಅವನು ಒಂದು ವರ್ಷ ನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದ. ನನ್ನ ಹೆಂಡತಿ ಅವನ ಮಂಚವನ್ನು ಒಳಕೋಣೆಯ ಕಿಟಕಿ ಪಕ್ಕ ಹಾಕಿದಳು. ಅವನು ಅಲ್ಲಿ ಇರುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಕೆಳಗಿಳಿದು, ಅಂಗಡಿಯ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಹಾಳೆ ಮಡಿಸಿಕೊಟ್ಟರೆ ಮಡಿಸುವನು. ನಾನು ಕೂಗಾಡಿದರೆ ಕೇಳಿಸಿಕೊಳ್ಳುವನು. ಸೈಕಲ್ ನಿಂತ ಸದ್ದಾದರೆ ತಲೆಯೆತ್ತುವನು.

“ಭಾವ, ಒಳಗೆ ಬನ್ನಿ, ಧೂಳು” ಎಂದು ನನ್ನ ಹೆಂಡತಿ ಕರೆದರೆ, “ಇರಲಿ ತಾಯಿ, ಗ್ರಂಥಾಲಯದವರು ಯಾರಾದ್ರೂ ಬಂದ್ರೆ ಅಂಗಡಿ ಗೊತ್ತಾಗಬೇಕಲ್ಲ” ಎನ್ನುತ್ತಿದ್ದ.

ನಾನೇ ಒಂದು ಸಲ ಗ್ರಂಥಾಲಯಕ್ಕೆ ಹೋಗಿ ಆ ಅಧಿಕಾರಿಯನ್ನು ಹಿಡಿದೆ. ಜಗಳಕ್ಕೇ ಹೋದದ್ದು. “ಯಾಕ್ರೀ, ಒಂದು ಸಲನಾದ್ರೂ ಬಂದು ಏನಾದ್ರೂ ಕೇಳಬಾರದಾ? ಮುದುಕ ಬಾಗಿಲು ಕಾಯ್ತಾ ಕೂತಿದ್ದಾನೆ.”

ಅವನು ಪೆಚ್ಚಾದ. ನೆನಪು ಮಾಡಿಕೊಂಡ. “ಕೇಳೋಕೆ ಏನೂ ಇಲ್ವಲ್ಲ ಸ್ವಾಮಿ” ಎಂದ. “ಇಪ್ಪತ್ತಾರು ಪುಸ್ತಕದಲ್ಲಿ ಓದೋಕೆ ಬಾರದ ಒಂದು ಪದ ಸಿಕ್ಕಿಲ್ಲ. ಅಕ್ಷರ ಅಷ್ಟು ಚೆನ್ನಾಗಿದೆ.”

ಮನೆಗೆ ಬಂದು ಅಣ್ಣನಿಗೆ ಏನೂ ಹೇಳಲಿಲ್ಲ. ಅವನು ಸ್ಟೂಲು ಪಕ್ಕಕ್ಕೆ ಸರಿಸಿ ನನಗೆ ದಾರಿ ಬಿಟ್ಟ.